ಪ್ಯಾರಾಚೂಟ್ ಜಿಗಿತ: ಮಾಡಬೇಕಾದ್ದು, ಮಾಡಬಾರದ್ದು

ಮಂಠಾಳ, ಬಸವಕಲ್ಯಾಣ, ಹುಮನಾಬಾದ್ ಕಡೆಯ ಯುವಕ ಯುವತಿಯರ ಗಮನಕ್ಕೆ

ಬೀದರ್ ಜಿಲ್ಲೆಯವರಿಗೆ ಆಕಾಶದ ಸಾಹಸ ಹೊಸದಲ್ಲ. ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಬೀದರಿನ ನೆಲೆಯಲ್ಲೇ. ಪ್ಯಾರಾಚೂಟಿನಲ್ಲಿ ಇಳಿದು ತೋರಿಸುವ ಆಕಾಶಗಂಗಾ ತಂಡ ಅದಕ್ಕೂ ಹಿಂದಿನದು, 1987ರದು. ನೋಡುತ್ತಾ ಬೆಳೆದವರಿಗೆ ಜಿಗಿಯುವ ಆಸೆ ಬಂದರೆ ಅದರಲ್ಲಿ ತಪ್ಪೇನಿಲ್ಲ. ಓದಿಗೆ, ಕೆಲಸಕ್ಕೆ ಪುಣೆ, ಹೈದರಾಬಾದ್, ಬೆಂಗಳೂರು, ದುಬೈ ಸೇರಿದ ನಮ್ಮ ಹುಡುಗರು ಈಗ ತರಬೇತುದಾರರ ಮೈಗೆ ಕಟ್ಟಿಕೊಂಡು ಮಾಡುವ ಒಂದು ಟ್ಯಾಂಡಮ್ ಜಿಗಿತ ಮುಗಿಸಿ, ವಿಡಿಯೊ ಸ್ಟೇಟಸ್‌ಗೆ ಹಾಕಿ, ಮರುದಿನವೇ ಕೇಳುವ ಪ್ರಶ್ನೆ ಒಂದೇ: ಸ್ವಂತ ಪ್ಯಾರಾಚೂಟ್ ಎಷ್ಟಕ್ಕೆ ಸಿಗುತ್ತದೆ?

ಆ ಪ್ರಶ್ನೆ ಕೊನೆಗೆ ಕೇಳಬೇಕಾದದ್ದು. ಮೊದಲು ಕೈ ಪಳಗಬೇಕು, ಆಮೇಲೆ ಕೈಚೀಲ ಬಿಚ್ಚಬೇಕು. ಕೆಳಗಿನ ಸೂಚನೆಗಳೆಲ್ಲ ಈ ಒಂದೇ ಮಾತಿನ ಮೇಲೆ ನಿಂತಿವೆ. ಇಲ್ಲಿ ಕೊಟ್ಟ ಎತ್ತರ ಮತ್ತು ಲೈಸೆನ್ಸಿನ ಅಂಕಿಗಳು ಅಮೆರಿಕದ ಪ್ಯಾರಾಚೂಟ್ ಸಂಘವಾದ ಯುಎಸ್‌ಪಿಎ ನಿಯಮದವು. ಹಲವು ದೇಶಗಳ ಶಾಲೆಗಳು ಇವನ್ನೇ ಅನುಸರಿಸುತ್ತವೆ. ನೀವು ಕಲಿಯುವ ಕಡೆ ಇದಕ್ಕಿಂತ ಬಿಗಿಯಾದ ನಿಯಮವಿದ್ದರೆ ಅದೇ ನಿಮಗೆ ನಿಯಮ.

1. ಎಲ್ಲಿ, ಯಾರ ಕೈಕೆಳಗೆ

ಮಾಡಬೇಕಾದ್ದು

• ಮಾನ್ಯತೆ ಇರುವ ಶಾಲೆಯಲ್ಲೇ ಕಲಿಯಿರಿ. ಭಾರತದಲ್ಲಿ 2022ರ ಜೂನ್‌ನಲ್ಲಿ ರಾಷ್ಟ್ರೀಯ ವಾಯುಕ್ರೀಡಾ ನೀತಿ ಬಂದಿದೆ. ಸ್ಕೈಡೈವಿಂಗ್ ಅದರ ವ್ಯಾಪ್ತಿಯಲ್ಲಿದೆ. ಸಂಘಟಕರ ನೋಂದಣಿ, ವಿಮಾನದ ಅನುಮತಿ, ತರಬೇತುದಾರರ ರೇಟಿಂಗ್, ಮೂರರ ಕಾಗದವನ್ನೂ ಕೇಳಿ ನೋಡಿ. ಕೇಳಿದ್ದಕ್ಕೆ ಮುಖ ಸಿಂಡರಿಸುವವರ ಹತ್ತಿರ ಜಿಗಿಯಬೇಡಿ.
• ಮೈಸೂರಿನಲ್ಲಿ ಸ್ಕೈಡೈವಿಂಗ್ ಶಿಬಿರಗಳು ನಡೆದಿವೆ. ಹರಿಯಾಣದ ನಾರ್ನೌಲ್ ಹತ್ತಿರದ ಏರ್‌ಸ್ಟ್ರಿಪ್‌ನಲ್ಲೂ ಜಿಗಿತ ನಡೆಯುತ್ತದೆ. ಪೂರ್ಣ ಕೋರ್ಸಿಗೆಂದು ಥಾಯ್ಲೆಂಡ್, ದುಬೈ, ಸ್ಪೇನ್ ಕಡೆ ಹೋಗುವ ಭಾರತೀಯರಿದ್ದಾರೆ. ಹೋಗುವ ಮೊದಲು ಆ ತಿಂಗಳು ಅಲ್ಲಿ ಜಿಗಿತ ನಡೆಯುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.
• ನಮಗೆ ಹತ್ತಿರದಲ್ಲೇ ಇರುವ ಒಂದು ಅನುಕೂಲ ಹೈದರಾಬಾದಿನ ಗಂಡಿಪೇಟ್ ಕಡೆಯ ಗಾಳಿಸುರಂಗ. ಬಸವಕಲ್ಯಾಣದ ಬಳಿಯ ಬಂಗ್ಲಾದಲ್ಲಿ ಹೆದ್ದಾರಿ 65 ಹಿಡಿದರೆ ಹುಮನಾಬಾದ್, ಜಹೀರಾಬಾದ್ ದಾಟಿ ಅರ್ಧ ದಿನದೊಳಗೆ ಮುಟ್ಟಬಹುದು. ಕೆಳಗಿನಿಂದ ಬರುವ ಗಾಳಿಯ ಮೇಲೆ ಹೊಟ್ಟೆ ಕೆಳಗಾಗಿ ತೇಲಲು, ಕೈಕಾಲಿನ ಸಣ್ಣ ಚಲನೆಯಿಂದ ತಿರುಗಲು, ನಿಲ್ಲಲು ಅಲ್ಲಿ ಕಲಿಯಬಹುದು.

ಮಾಡಬಾರದ್ದು

• ಬೀದರ್ ವಾಯುಪಡೆ ನೆಲೆಯಲ್ಲಿ ತರಬೇತಿ ವಿಮಾನಗಳ ಹಾರಾಟ ನಡೆಯುತ್ತಿರುತ್ತದೆ. ಈ ಭಾಗದ ಆಕಾಶದಲ್ಲಿ ಪರವಾನಗಿ ಇಲ್ಲದೆ ಪ್ಯಾರಾಮೋಟರ್, ಬಲೂನ್, ಜಿಗಿತ ಯಾವುದನ್ನೂ ಮಾಡಬಾರದು. ಜಾತ್ರೆ, ಉತ್ಸವದ ಆಕರ್ಷಣೆಗೆ ಯಾರೋ ಕರೆತಂದರೂ ಹತ್ತಬಾರದು.
• ಕೋಟೆಯ ಬುರುಜು, ಮೊಬೈಲ್ ಟವರ್, ನೀರಿನ ಟ್ಯಾಂಕ್ ಮೇಲಿಂದ ಯಾವ ಪ್ಯಾರಾಚೂಟೂ ಕಟ್ಟಿಕೊಂಡು ಹಾರಬಾರದು. ವಿಮಾನದ ಜಿಗಿತಕ್ಕೆ ಮಾಡಿದ ಪ್ಯಾರಾಚೂಟ್ ಪೂರ್ತಿ ಬಿಚ್ಚಿಕೊಳ್ಳಲು ನೂರಾರು ಅಡಿ ಬೇಕು. ಟವರಿನ ಕೆಳಗೆ ಅಷ್ಟು ಜಾಗವಿಲ್ಲ.
• ತಾಡಪಾಲು, ನೈಲಾನ್ ಹಗ್ಗದಿಂದ ಮನೆಯಲ್ಲಿ ಪ್ಯಾರಾಚೂಟ್ ಹೊಲಿಯುವ ಪ್ರಯೋಗ ಬೇಡ. ಆಟಕ್ಕೂ ಬೇಡ.
• ಗಾಳಿಸುರಂಗದಲ್ಲಿ ಚೆನ್ನಾಗಿ ತೇಲಿದೆ ಎಂದು ಜಿಗಿತ ಬಂತೆಂದು ಭಾವಿಸಬಾರದು. ಎತ್ತರ ನೋಡುವುದು, ಪ್ಯಾರಾಚೂಟ್ ಬಿಚ್ಚುವುದು, ಕೆಟ್ಟರೆ ಹಿಡಿಕೆ ಎಳೆದು ಅದನ್ನು ಕತ್ತರಿಸುವುದು (ಕಳಚಿ ಬಿಡುವುದು), ಇಳಿಯುವುದು ಈ ನಾಲ್ಕೂ ಅಲ್ಲಿ ಇಲ್ಲ.

2. ಕಲಿಕೆಯ ಮೆಟ್ಟಿಲು

ಮಾಡಬೇಕಾದ್ದು

• ಟ್ಯಾಂಡಮ್‌ನಲ್ಲಿ ನೀವು ಪ್ರಯಾಣಿಕರು, ಕೆಲಸವೆಲ್ಲ ಹಿಂದಿರುವವರದು. ಜಿಗಿತಗಾರರಾಗಬೇಕಾದರೆ ಎಎಫ್‌ಎಫ್ ಅಥವಾ ಸ್ಟ್ಯಾಟಿಕ್ ಲೈನ್ (ವಿಮಾನಕ್ಕೆ ಕಟ್ಟಿದ ಪಟ್ಟಿಯೇ ಪ್ಯಾರಾಚೂಟ್ ಬಿಚ್ಚುವ ಪದ್ಧತಿ) ಕೋರ್ಸಿಗೆ ಸೇರಿ. ಎಎಫ್‌ಎಫ್‌ನ ಮೊದಲ ಹಂತಗಳಲ್ಲಿ ಇಬ್ಬರು ತರಬೇತುದಾರರು ಅಕ್ಕಪಕ್ಕ ಹಿಡಿದು ಜತೆಗೆ ಬೀಳುತ್ತಾರೆ, ಆಮೇಲೆ ಒಬ್ಬರು, ಆಮೇಲೆ ನೀವೇ.
• ಲೈಸೆನ್ಸುಗಳ ಲೆಕ್ಕ ನೆನಪಿರಲಿ: ಎ ದರ್ಜೆಗೆ ಕನಿಷ್ಠ 25 ಜಿಗಿತ, ಬಿ ದರ್ಜೆಗೆ 50, ಸಿ ದರ್ಜೆಗೆ 200, ಡಿ ದರ್ಜೆಗೆ 500. ಇದು ಕನಿಷ್ಠ ಮಾತ್ರ. ಜತೆಗೆ ಪರೀಕ್ಷೆಯೂ ಇದೆ.
• ಪ್ರತಿ ಜಿಗಿತವನ್ನೂ ಲಾಗ್‌ಬುಕ್ಕಿನಲ್ಲಿ ಬರೆಯಿರಿ. ಎತ್ತರ, ಪ್ಯಾರಾಚೂಟಿನ ಅಳತೆ, ಗಾಳಿ, ಇಳಿದ ಜಾಗ, ಆದ ತಪ್ಪು, ತರಬೇತುದಾರರ ಸಹಿ ಎಲ್ಲವೂ ಅದರಲ್ಲಿರಲಿ. ಮುಂದೆ ಯಾವ ದೇಶದ ಶಾಲೆಗೆ ಹೋದರೂ ನಿಮ್ಮ ಮಾತಿಗಿಂತ ಆ ಪುಸ್ತಕವನ್ನು ನಂಬುತ್ತಾರೆ.
• ಎ ಲೈಸೆನ್ಸ್ ಆದ ಮೇಲೆ ಹಣ ಉಳಿದಿದ್ದರೆ ಮೊದಲು ಕ್ಯಾನೊಪಿ ಕೋರ್ಸ್ ಮಾಡಿ. ಬೀಳುವುದು ಮುಕ್ಕಾಲು ನಿಮಿಷದ ಕೆಲಸ, ಬಿಚ್ಚಿದ ಪ್ಯಾರಾಚೂಟ್ ಓಡಿಸುವುದು ಹಲವು ನಿಮಿಷದ ಕೆಲಸ. ಕಾಲು ಮುರಿಯುವುದು ಈ ಎರಡನೆಯದರಲ್ಲಿ.

ಮಾಡಬಾರದ್ದು

• 200 ಜಿಗಿತ ತುಂಬುವ ಮೊದಲು ಹೆಲ್ಮೆಟ್ಟಿಗೆ ಕ್ಯಾಮೆರಾ ಬೇಡ, ವಿಂಗ್‌ಸೂಟ್ ಮಾತಂತೂ ಬೇಡವೇ ಬೇಡ. ಕ್ಯಾಮೆರಾ ದಾರಕ್ಕೆ ಸಿಕ್ಕಿಕೊಳ್ಳಬಹುದು. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಚಿತ್ರ ಚೆನ್ನಾಗಿ ಬರಲಿ ಎಂಬ ಯೋಚನೆಯಲ್ಲಿ ಎತ್ತರ ಮರೆತುಹೋಗುತ್ತದೆ.
• ಪದ್ಮಶ್ರೀ ಪಡೆದ ರಾಚೆಲ್ ಥಾಮಸ್, ಪುಣೆಯ ಶೀತಲ್ ಮಹಾಜನ್ ಇಬ್ಬರೂ ಉತ್ತರ ಧ್ರುವದ ಮೇಲೆ ಜಿಗಿದವರು. ಅವರ ಹೆಸರು ಹೇಳಿ ಮೆಟ್ಟಿಲು ಹಾರಬಾರದು. ಅವರ ಸಾಧನೆ ಹೆಮ್ಮೆಗೆ ಇರಲಿ, ನಿಮ್ಮ ಪಾಠಕ್ಕೆ ನಿಮ್ಮ ತರಬೇತುದಾರರು ಇರಲಿ.

3. ಸಾಮಾನು ಆರಿಸುವಾಗ

ಒಂದು ರಿಗ್‌ನಲ್ಲಿ ಐದು ಮುಖ್ಯ ಭಾಗಗಳಿವೆ: ಮೈಗೆ ಬಿಗಿಯುವ ಹಾರ್ನೆಸ್, ಬೆನ್ನಿನ ಕಂಟೈನರ್, ಮೇನ್ ಪ್ಯಾರಾಚೂಟ್, ರಿಸರ್ವ್ ಪ್ಯಾರಾಚೂಟ್, ಮತ್ತು ಎಎಡಿ ಎಂಬ ಸ್ವಯಂಚಾಲಿತ ಯಂತ್ರ. ಐದೂ ಒಂದಕ್ಕೊಂದು ಹೊಂದಬೇಕು, ಐದೂ ನಿಮಗೆ ಹೊಂದಬೇಕು.

ಮಾಡಬೇಕಾದ್ದು

• ಕೋರ್ಸ್ ಮುಗಿಯುವವರೆಗೆ ಶಾಲೆಯ ಸಾಮಾನು ಬಾಡಿಗೆಗೆ ಪಡೆಯಿರಿ. ಸ್ವಂತಕ್ಕೆ ಮೊದಲು ಕೊಳ್ಳಬಹುದಾದದ್ದು ಗಟ್ಟಿ ಹೆಲ್ಮೆಟ್, ಗಾಗಲ್ಸ್, ಎತ್ತರ ತೋರಿಸಲು ಕೈಗೆ ಕಟ್ಟುವ ಆಲ್ಟಿಮೀಟರ್, ಹಿಮ್ಮಡಿ ಬಿಗಿಯಾಗಿ ಹಿಡಿಯುವ ಶೂ. ದಾರ ಸಿಕ್ಕಿಹಾಕಿಕೊಳ್ಳುವ ಕೊಕ್ಕೆ ಇರುವ ಶೂ ಬೇಡ.
• ಪ್ಯಾರಾಚೂಟಿನ ಅಳತೆಯನ್ನು ತೂಕ ಹಾಕಿ ನಿರ್ಧರಿಸಿ. ಲೆಕ್ಕ ಹೀಗೆ: ನಿಮ್ಮ ಮೈತೂಕ 68 ಕೆಜಿ, ಬಟ್ಟೆ ಶೂ ಹೆಲ್ಮೆಟ್ 2 ಕೆಜಿ, ರಿಗ್ 12 ಕೆಜಿ ಎನ್ನಿ. ಒಟ್ಟು 82 ಕೆಜಿ. ಇದನ್ನು 2.2ರಿಂದ ಗುಣಿಸಿದರೆ ಸುಮಾರು 180 ಪೌಂಡ್. ಪ್ಯಾರಾಚೂಟ್ 230 ಚದರ ಅಡಿಯದಾದರೆ ಪ್ರತಿ ಚದರ ಅಡಿಗೆ 0.78 ಪೌಂಡ್ ಹೊರೆ, 180 ಚದರ ಅಡಿಯದಾದರೆ 1, 150ರದಾದರೆ 1.2. ಹೊಸಬರು 1ನ್ನು ದಾಟಬಾರದು. ವಿದ್ಯಾರ್ಥಿಗಳು ಅದಕ್ಕಿಂತ ಕೆಳಗೇ ಇರಬೇಕು.
• ಮೈತೂಕ ಕಡಿಮೆ ಇರುವವರು ಇನ್ನೂ ಒಂದು ಹೆಜ್ಜೆ ಹಿಂದೆ ಇರಬೇಕು. 55 ಕೆಜಿಯ ಹುಡುಗಿಗೆ 150ರ ಪ್ಯಾರಾಚೂಟಿನಲ್ಲಿ ಹೊರೆ 1ರ ಆಸುಪಾಸಿಗೇ ಬರುತ್ತದೆ. ಆದರೆ ಸಣ್ಣ ಪ್ಯಾರಾಚೂಟಿನ ದಾರ ಗಿಡ್ಡ. ಎಳೆದ ಕೂಡಲೇ ತಿರುಗುತ್ತದೆ. ಅವಳು 170ರಿಂದ ಶುರುಮಾಡುವುದು ಸರಿ.
• ರಿಸರ್ವ್‌ನ ಅಳತೆಗೂ ಇದೇ ಲೆಕ್ಕ ಹಾಕಿ. ಮೇನ್ ಕೈಕೊಟ್ಟ ದಿನ, ಗುರುತಿಲ್ಲದ ಹೊಲದಲ್ಲಿ, ಗಾಬರಿಯಲ್ಲಿ, ಅದರ ಮೇಲೆ ಇಳಿಯುವವರು ನೀವೇ.
• ಹಾರ್ನೆಸ್ ಹಾಕಿಕೊಂಡು, ತೂಗುಬಿಟ್ಟು ನೋಡಿ. ಕಾಲಪಟ್ಟಿ ಸಡಿಲವಿದ್ದರೆ, ಎದೆಪಟ್ಟಿ ಗಂಟಲಿಗೆ ಬಂದರೆ, ಹಿಡಿಕೆಗಳು ಕಣ್ಣಿಗೆ ಕಾಣದಷ್ಟು ಸರಿದರೆ ಆ ರಿಗ್ ನಿಮ್ಮದಲ್ಲ.
• ಎಎಡಿ ಇಲ್ಲದ ರಿಗ್ ಕೊಳ್ಳಬೇಡಿ. 1991ರಲ್ಲಿ ಜರ್ಮನಿಯಿಂದ ಬಂದ ಸೈಪ್ರೆಸ್ ಈ ಯಂತ್ರವನ್ನು ಎಲ್ಲೆಡೆ ನಂಬಿಕೆಗೆ ತಂದಿತು. ಜಿಗಿತಗಾರ ಸುಮಾರು 750 ಅಡಿಗೆ ಇಳಿದರೂ ಸೆಕೆಂಡಿಗೆ 35 ಮೀಟರಿಗಿಂತ ವೇಗದಲ್ಲಿ ಬೀಳುತ್ತಿದ್ದರೆ ಅದರ ಸಾಮಾನ್ಯ ಮಾದರಿ ರಿಸರ್ವ್‌ನ ಕುಣಿಕೆ ಕತ್ತರಿಸಿ ತೆರೆಯುತ್ತದೆ. ವಿದ್ಯಾರ್ಥಿ ಮಾದರಿ ಇನ್ನೂ ಕಡಿಮೆ ವೇಗಕ್ಕೇ ಕೆಲಸ ಮಾಡುತ್ತದೆ.
• ಆರ್‌ಎಸ್‌ಎಲ್ ಪಟ್ಟಿ ಇರಲಿ. ಕೆಟ್ಟ ಮೇನ್ ಬಿಟ್ಟುಹೋಗುವಾಗ ಅದೇ ರಿಸರ್ವ್‌ನ ಪಿನ್ ಎಳೆಯುತ್ತದೆ.

ಮಾಡಬಾರದ್ದು

• ಬಣ್ಣ, ಬ್ರ್ಯಾಂಡು, ಗೆಳೆಯನ ಮಾತು, ಆಫರ್ ಬೆಲೆ ನೋಡಿ ಕೊಳ್ಳಬಾರದು.
• “ಈಗ ಸಣ್ಣದು ತಗೊಂಡ್ರೆ ಮುಂದೆ ಮತ್ತೆ ಕೊಳ್ಳೋದು ತಪ್ಪುತ್ತೆ” ಎಂಬ ಲೆಕ್ಕ ಹಾಕಬಾರದು. ಬೆಳೆಯುವ ಮಗುವಿಗೆ ದೊಡ್ಡ ಅಂಗಿ ಹೊಲಿಸುವ ಜಾಣತನ ಇಲ್ಲಿ ತಿರುಗುಮುರುಗಾಗಿ ನಡೆಯುವುದಿಲ್ಲ.
• ಎಎಡಿ ಇದೆ ಎಂದು ತಡವಾಗಿ ಎಳೆಯಬಾರದು. ಅರೆಬಿಚ್ಚಿದ ಪ್ಯಾರಾಚೂಟಿನಡಿ ವೇಗ ಆ ಮಟ್ಟಕ್ಕೆ ಮುಟ್ಟದಿದ್ದರೆ ಯಂತ್ರ ಸುಮ್ಮನೇ ಇರುತ್ತದೆ.

4. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಮಾಡಬೇಕಾದ್ದು

• ಹಣ ಕೊಡುವ ಮೊದಲು ರಿಗ್ಗರ್ (ಪ್ಯಾರಾಚೂಟ್ ಪರೀಕ್ಷಿಸಿ ಮಡಚುವ ಪರವಾನಗಿ ಪಡೆದವರು) ಕೈಗೆ ಕೊಟ್ಟು ಬಿಚ್ಚಿಸಿ ನೋಡಿಸಿ. ಕಂಟೈನರ್, ರಿಸರ್ವ್, ಎಎಡಿ ಮೂರರ ತಯಾರಿಕೆ ದಿನಾಂಕವನ್ನೂ ಸೀರಿಯಲ್ ನಂಬರನ್ನೂ ಬರೆದುಕೊಳ್ಳಿ. ಎಎಡಿಗೆ ಆಯುಸ್ಸಿನ ಮಿತಿ ಇದೆ. ಅವಧಿ ಮುಗಿದದ್ದು ಕಸಕ್ಕೆ ಸಮ.
• ರಿಸರ್ವ್‌ನ ಕಾರ್ಡ್ ಓದಿ. ಯಾರು, ಯಾವತ್ತು ಮಡಚಿದರು ಎಂಬುದು ಸಹಿ ಸಮೇತ ಅದರಲ್ಲಿರುತ್ತದೆ. ಪಿನ್‌ಗೆ ಕಟ್ಟಿದ ಕೆಂಪು ದಾರ, ಸೀಸದ ಮುದ್ರೆ ಒಡೆದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ.
• ಬ್ರೇಕ್ ದಾರಗಳನ್ನು ವಿಶೇಷವಾಗಿ ನೋಡಿಸಿ. ದಾರಗಳ ಮೇಲೆ ಜಾರಿ ಇಳಿಯುವ ಸ್ಲೈಡರ್ ಬಟ್ಟೆ ಉಜ್ಜುವ ಬಿಸಿಗೆ ತೆಳು ದಾರ ಕುಗ್ಗುತ್ತದೆ, ಎಡಬಲ ಅಳತೆ ಬೇರೆಯಾಗುತ್ತದೆ, ಪ್ಯಾರಾಚೂಟ್ ತಾನೇ ಒಂದು ಪಕ್ಕಕ್ಕೆ ವಾಲುತ್ತದೆ.

ಮಾಡಬಾರದ್ದು

• ಫೋಟೊ ನೋಡಿ, ಮುಂಗಡ ಕಳಿಸಿ, ಕೊರಿಯರಿನಲ್ಲಿ ತರಿಸಬಾರದು.
• ಸೇನೆಯ ಹಳೆಯ ಮಾಲು ಎಂದು ಗುಜರಿಯಲ್ಲಿ ಸಿಗುವ ದುಂಡು ಪ್ಯಾರಾಚೂಟ್ ಜಿಗಿತಕ್ಕೆ ತರಬಾರದು. ಅದು ಪೆಂಡಾಲಿನ ಬಟ್ಟೆಗೆ ಸಾಕು.
• ರಿಸರ್ವ್ ಅನ್ನು ನೀವೇ ಬಿಚ್ಚಿ ಮಡಚಬಾರದು. ಮೇನ್ ಮಡಚುವುದನ್ನು ಪ್ರತಿಯೊಬ್ಬರೂ ಕಲಿಯಬೇಕು, ರಿಸರ್ವ್ ಮಾತ್ರ ಪರವಾನಗಿ ಪಡೆದ ರಿಗ್ಗರ್‌ನದು. ಅಮೆರಿಕದಲ್ಲಿ 180 ದಿನಕ್ಕೊಮ್ಮೆ ಅದನ್ನು ಬಿಚ್ಚಿ ಮತ್ತೆ ಮಡಚಬೇಕು, ಜಿಗಿಯದೆ ಇಟ್ಟಿದ್ದರೂ ಸರಿ.

5. ಊರಿಗೆ ತಂದು ಇಟ್ಟಾಗ

ಮಾಡಬೇಕಾದ್ದು

• ತಂಪಾದ, ಒಣಗಿದ, ಕತ್ತಲ ಜಾಗದಲ್ಲಿ ಇಡಿ. ದಪ್ಪ ಚೀಲದೊಳಗೆ ಹಾಕಿ ಇಲಿಗೆ ಸಿಗದ ಕಬ್ಬಿಣದ ಅಲ್ಮಾರಿಯಲ್ಲಿಟ್ಟರೆ ಒಳ್ಳೆಯದು.
• ಎರೆಮಣ್ಣಿನ ಧೂಳು ಹತ್ತಿದ್ದರೆ ಮೆತ್ತನೆ ಬ್ರಷ್‌ನಿಂದ ಕೊಡವಿ, ಮೂರು ಉಂಗುರದ ಬಿಡುಗಡೆ ಕೊಂಡಿಯನ್ನು ರಿಗ್ಗರ್‌ಗೆ ತೋರಿಸಿ. ಬಿಲ್ ಬೂತ್ ರೂಪಿಸಿದ ಈ ಕೊಂಡಿಯಲ್ಲಿ ಒಂದು ಉಂಗುರ ಇನ್ನೊಂದರ ಭಾರ ಇಳಿಸುತ್ತಾ ಹೋಗುವುದರಿಂದ ಪೂರ್ತಿ ಮೈಭಾರವನ್ನು ಒಂದು ಸಣ್ಣ ಕುಣಿಕೆ ಹಿಡಿದಿಡುತ್ತದೆ. ಅಲ್ಲಿ ಮಣ್ಣು ಕೂತು ಪಟ್ಟಿ ಬಿರುಸಾದರೆ ಬಿಡಬೇಕಾದಾಗ ಸರಾಗ ಬಿಡದು.

ಮಾಡಬಾರದ್ದು

• ಇನ್ವರ್ಟರ್ ಬ್ಯಾಟರಿ ಇರುವ ಕೋಣೆಯಲ್ಲಿ, ಟ್ರ್ಯಾಕ್ಟರ್ ಬ್ಯಾಟರಿಯ ಹತ್ತಿರ ಇಡಲೇಬಾರದು. ಬ್ಯಾಟರಿಯ ಆಮ್ಲ ನೈಲಾನನ್ನು ಸುಡುತ್ತದೆ. ಬಟ್ಟೆ ಹೊರಗೆ ಚೆನ್ನಾಗಿಯೇ ಕಾಣಬಹುದು, ಹೊರೆ ಬಿದ್ದಾಗ ಹರಿಯುತ್ತದೆ. ಔಷಧಿ ಡಬ್ಬಿ, ಗೊಬ್ಬರದ ಚೀಲದ ಪಕ್ಕವೂ ಬೇಡ.
• ಮಾಳಿಗೆ ಮೇಲೆ ಬಿಸಿಲಿಗೆ ಹರಡಬಾರದು. ಬಿಸಿಲು ನೈಲಾನಿನ ಶತ್ರು. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲೂ ಬಿಡಬಾರದು.
• ನೆಂಟರಿಗೆ ತೋರಿಸಲು ಹಿಡಿಕೆ ಎಳೆಯಬಾರದು. ಮಕ್ಕಳ ಕೈಗೆ ಸಿಗಬಾರದು.

6. ವಿಮಾನ ಹತ್ತುವ ಮುನ್ನ

ಮಾಡಬೇಕಾದ್ದು

• ಮೂರು ಮೂರರ ತಪಾಸಣೆ ಕೈಯಿಂದ ಮುಟ್ಟಿ ಮಾಡಿ. ಮೂರು ಉಂಗುರದ ಕೊಂಡಿ ಎರಡೂ ಭುಜದಲ್ಲಿ ಸರಿ ಇದೆಯೇ. ಎದೆಯದೊಂದು, ಕಾಲಿನವೆರಡು, ಮೂರೂ ಪಟ್ಟಿ ಬಕಲ್‌ನಲ್ಲಿ ಸರಿಯಾಗಿ ಸಾಗಿವೆಯೇ. ಮೇನ್ ಹಿಡಿಕೆ, ಕತ್ತರಿಸುವ ಹಿಡಿಕೆ, ರಿಸರ್ವ್ ಹಿಡಿಕೆ, ಮೂರೂ ತಮ್ಮ ಜಾಗದಲ್ಲಿವೆಯೇ. ಬೆನ್ನ ಹಿಂದಿನ ಪಿನ್‌ಗಳನ್ನು ಇನ್ನೊಬ್ಬರಿಂದ ನೋಡಿಸಿ. ನೆಲದ ಮೇಲೆ ಒಮ್ಮೆ, ವಿಮಾನದ ಬಾಗಿಲು ತೆರೆಯುವ ಮುನ್ನ ಇನ್ನೊಮ್ಮೆ.
• ಆಲ್ಟಿಮೀಟರನ್ನು ಇಳಿಯುವ ನೆಲದ ಮೇಲೇ ಸೊನ್ನೆಗೆ ತನ್ನಿ. ದುಬೈ ಸಮುದ್ರಮಟ್ಟದಲ್ಲಿದೆ, ಮೈಸೂರು ಸುಮಾರು 2,500 ಅಡಿ ಮೇಲಿದೆ. ದುಬೈನಲ್ಲಿ ಸೊನ್ನೆ ಮಾಡಿದ ಮುಳ್ಳಿನ ಆಲ್ಟಿಮೀಟರನ್ನು ಹಾಗೇ ಕಟ್ಟಿಕೊಂಡು ಮೈಸೂರಿನಲ್ಲಿ ಜಿಗಿದರೆ, ಅದು 3,000 ಎಂದು ತೋರಿಸುವಾಗ ನೆಲ 500 ಅಡಿ ದೂರದಲ್ಲಿರುತ್ತದೆ.
• ನೆಲ ಎತ್ತರವಾದಷ್ಟೂ, ಬಿಸಿಲು ಹೆಚ್ಚಿದಷ್ಟೂ ಗಾಳಿ ತೆಳು, ಇಳಿಯುವ ವೇಗ ಜಾಸ್ತಿ. ಕಡಲತಡಿಯಲ್ಲಿ ಕಲಿತವರು ನಮ್ಮ ದಖ್ಖನ್ ಎತ್ತರದಲ್ಲಿ ದೊಡ್ಡ ಪ್ಯಾರಾಚೂಟ್ ಕೇಳಿ ಪಡೆಯಿರಿ.

ಮಾಡಬಾರದ್ದು

• ಕುಡಿದು, ಕುಡಿದ ಮರುದಿನದ ಮಂಪರಿನಲ್ಲಿ, ನೆಗಡಿಯಿಂದ ಕಿವಿ ಕಟ್ಟಿರುವಾಗ, ಭುಜ ಜಾರುವ ತೊಂದರೆ ಇರುವಾಗ ಜಿಗಿಯಬಾರದು.
• ವಿದ್ಯಾರ್ಥಿಗಳು ನೆಲದ ಗಾಳಿ ಗಂಟೆಗೆ 22 ಕಿಮೀ ದಾಟಿದರೆ ಹತ್ತಬಾರದು. ದೂರದಿಂದ ಬಂದಿದ್ದೇವೆ, ರಜೆ ಮುಗಿಯುತ್ತದೆ ಎಂಬುದು ಕಾರಣವಾಗದು.

7. ಆಕಾಶದಲ್ಲಿ

ಮಾಡಬೇಕಾದ್ದು

• ಎತ್ತರ ನೋಡುತ್ತಲೇ ಇರಿ. ಹೊಟ್ಟೆ ಕೆಳಗಾಗಿ ಬೀಳುವ ವೇಗ ಗಂಟೆಗೆ ಸುಮಾರು 190 ಕಿಮೀ. ಸಾವಿರ ಅಡಿಗೆ ಹೆಚ್ಚೆಂದರೆ ಆರು ಸೆಕೆಂಡು. 2,500 ಅಡಿಯಿಂದ ನೆಲಕ್ಕೆ ಹದಿನಾಲ್ಕು ಸೆಕೆಂಡಿನ ದಾರಿ.
• ಎ ಲೈಸೆನ್ಸಿನವರೆಗೆ ಪ್ಯಾರಾಚೂಟ್ ಬಿಚ್ಚುವ ಕನಿಷ್ಠ ಎತ್ತರ 3,000 ಅಡಿ. ವಿದ್ಯಾರ್ಥಿಗೆ ಶಾಲೆ ಅದಕ್ಕಿಂತ ಮೇಲೇ ಹೇಳಿರುತ್ತದೆ. ಕೆಟ್ಟರೆ ಏನು ಮಾಡಬೇಕೆಂದು ತೀರ್ಮಾನಿಸುವ ಗಡಿ 2,500 ಅಡಿ.
• ಬಿಚ್ಚಿದ ಕೂಡಲೇ ತಲೆ ಎತ್ತಿ ನಾಲ್ಕು ಪ್ರಶ್ನೆ ಕೇಳಿ: ಪೂರ್ತಿ ಚೌಕವಾಗಿದೆಯೇ, ನೆಟ್ಟಗೆ ಹೋಗುತ್ತಿದೆಯೇ, ಬ್ರೇಕ್ ಎಳೆದರೆ ತಿರುಗುತ್ತದೆಯೇ, ಎರಡೂ ಬ್ರೇಕ್ ಎಳೆದರೆ ನಿಧಾನವಾಗುತ್ತದೆಯೇ. ಒಂದಕ್ಕೆ ಇಲ್ಲವೆಂದರೂ ಕಲಿಸಿದ ಕ್ರಮದಲ್ಲೇ ನಡೆಯಿರಿ. ಆ ಕ್ರಮವನ್ನು ಪ್ರತಿ ಜಿಗಿತದ ದಿನವೂ ನೆಲದ ಮೇಲೆ, ತೂಗುಪಟ್ಟಿಯಲ್ಲಿ, ಕೈ ತಾನಾಗಿ ಹೋಗುವವರೆಗೆ ಮಾಡಿರಬೇಕು.

ಮಾಡಬಾರದ್ದು

• ಜತೆಗಾರ ಎಳೆಯಲಿ, ಆಮೇಲೆ ನಾನು ಎಂದು ಕಾಯಬಾರದು. ಕಿವಿಯ ಬಳಿ ಇಟ್ಟ ಆಲ್ಟಿಮೀಟರಿನ ಬೀಪ್ ಬರಲಿ ಎಂದೂ ಕಾಯಬಾರದು.
• ಕೆಟ್ಟ ಮೇನ್ ಜತೆ ಕುಸ್ತಿ ಆಡುತ್ತಾ ಗಡಿ ದಾಟಬಾರದು. ಹೊಸ ಪ್ಯಾರಾಚೂಟಿನ ಬೆಲೆ ನೆನೆದು ಕತ್ತರಿಸಲು ಹಿಂಜರಿಯಬಾರದು.

8. ಇಳಿಯುವಾಗ

ಮಾಡಬೇಕಾದ್ದು

• ಸಾವಿರ ಅಡಿಗೆ ಬಂದಾಗ ಇಳಿಯುವ ದಾರಿ ನಿರ್ಧಾರವಾಗಿರಲಿ. ಸುಮಾರು 600ಕ್ಕೆ ಗಾಳಿಗೆ ಅಡ್ಡ, 300ಕ್ಕೆ ಗಾಳಿಗೆ ಎದುರು. ಆಮೇಲೆ ನೇರ, ಕಾಲು ಜೋಡಿಸಿ, ಎರಡೂ ಬ್ರೇಕ್ ಸಮನಾಗಿ.
• ದಾರಿ ತಪ್ಪಿದರೆ ಬೇಗನೇ ಬೇರೆ ಬಯಲು ಆರಿಸಿ. ಕರೆಂಟ್ ತಂತಿ, ತೆರೆದ ಬಾವಿ, ರಸ್ತೆ ತಪ್ಪಿಸಿ. ಕಬ್ಬಿನ ಹೊಲ ಮೇಲಿಂದ ಹುಲ್ಲುಗಾವಲಿನಂತೆ ಕಾಣುತ್ತದೆ. ಅದರ ತುದಿಯನ್ನು ನೆಲವೆಂದು ಬಗೆದು ಬ್ರೇಕ್ ಎಳೆದರೆ ಕೆಳಗೆ ಇನ್ನೂ ಆಳುದ್ದ ಬೀಳಬೇಕು.
• ಯಾರದೋ ತೊಗರಿಯಲ್ಲಿ, ಸೋಯಾದಲ್ಲಿ ಇಳಿದರೆ ಸಾಲಿನ ನಡುವೆ ನಡೆದು ಬನ್ನಿ, ಹೊಲದವರನ್ನು ಕಂಡು ಮಾತಾಡಿ, ನಷ್ಟ ಕಟ್ಟಿಕೊಡಿ. ಅವರ ಬೆಳೆ ನಿಮ್ಮ ಆಟದ ಬಯಲಲ್ಲ.

ಮಾಡಬಾರದ್ದು

• ನೆಲ ಹತ್ತಿರ ಬಂದ ಮೇಲೆ ಜೋರಾಗಿ ತಿರುಗಿಸಲೇಬಾರದು. ತಿರುವಿನಲ್ಲಿ ಪ್ಯಾರಾಚೂಟ್ ಧುಮುಕುತ್ತದೆ. ಸರಿಯಾಗಿ ಬಿಚ್ಚಿದ ಪ್ಯಾರಾಚೂಟಿನ ಕೆಳಗೇ ಜನ ಸಾಯುವುದಕ್ಕೆ ಈ ತಗ್ಗಿನ ತಿರುವು ಮುಖ್ಯ ಕಾರಣ. ಗಾಳಿ ಬೆನ್ನಿಗಿದ್ದರೂ ನೇರ ಇಳಿದು ಉರುಳಿ. ಮೈ ಕೊಳೆಯಾದರೆ ತೊಳೆಯಬಹುದು.

9. ಬಿಡುವಿನ ಮೇಲೆ ಮರಳಿದಾಗ

ಮಳೆಗಾಲದಲ್ಲಿ ಜಿಗಿತ ನಿಲ್ಲುತ್ತದೆ. ನಮ್ಮವರು ಬಿತ್ತನೆಗೆ, ಹಬ್ಬಕ್ಕೆ, ಮದುವೆಗೆ ಊರಿಗೆ ಬಂದು ತಿಂಗಳು ಕಳೆಯುವುದೂ ಉಂಟು. ವಿದ್ಯಾರ್ಥಿ 30 ದಿನ, ಎ ಲೈಸೆನ್ಸಿನವರು 60 ದಿನ, ಬಿ ಲೈಸೆನ್ಸಿನವರು 90 ದಿನ ಜಿಗಿಯದೆ ಇದ್ದರೆ ತರಬೇತುದಾರರ ಮುಂದೆ ಮತ್ತೆ ಪಾಠ ಒಪ್ಪಿಸಿಯೇ ಹತ್ತಬೇಕು. ಮರಳಿದ ಮೊದಲ ದಿನ ಹೊಸ ಪ್ಯಾರಾಚೂಟ್, ಹೊಸ ಜಾಗ, ದೊಡ್ಡ ಗುಂಪು ಮೂರೂ ಬೇಡ.

10. ಮನೆಯವರ ವಿಷಯ

ಅಪ್ಪ ಅವ್ವನಿಗೆ ಹೇಳದೆ ಜಿಗಿಯಬಾರದು. ಯಾವ ಶಾಲೆ, ಯಾವ ಊರು, ಯಾವ ಆಸ್ಪತ್ರೆ ಹತ್ತಿರ ಎಂಬುದನ್ನು ಬರೆದುಕೊಟ್ಟು ಹೋಗಿ. ಹಲವು ವಿಮಾ ಪಾಲಿಸಿಗಳು ಸಾಹಸ ಕ್ರೀಡೆಯ ಅಪಘಾತಕ್ಕೆ ಹಣ ಕೊಡುವುದಿಲ್ಲ. ನಿಮ್ಮದನ್ನು ಓದಿ ನೋಡಿ, ಬೇಕಾದರೆ ಬೇರೆ ಮಾಡಿಸಿ. ಹೊಲ ಅಡವಿಟ್ಟು, ಸಾಲ ಎತ್ತಿ ರಿಗ್ ಕೊಳ್ಳಬೇಡಿ. ಸಾಲದ ಸಾಮಾನು ಹೊತ್ತವನಿಗೆ ಆಕಾಶದಲ್ಲಿ ಅದನ್ನು ಕತ್ತರಿಸಿ ಬಿಡುವ ಮನಸ್ಸು ಬರುವುದಿಲ್ಲ.

ಕೈಯಲ್ಲಿ ಹಣವಿದ್ದು ಕೌಶಲ ಇಲ್ಲದಿದ್ದರೆ ತರಬೇತಿಗೆ ಖರ್ಚು ಮಾಡಿ. ಕೌಶಲವಿದ್ದು ಹಣವಿಲ್ಲದಿದ್ದರೆ ಬಾಡಿಗೆ ರಿಗ್‌ನಲ್ಲೇ ಜಿಗಿಯಿರಿ. ಎರಡೂ ಇದ್ದ ದಿನ ರಿಗ್ಗರ್‌ನನ್ನು ಕರೆದುಕೊಂಡು ಹೋಗಿ ಸ್ವಂತದ್ದು ಕೊಳ್ಳಿ. ಮನಸ್ಸು ಒಪ್ಪದ ದಿನ ವಿಮಾನದಿಂದ ಇಳಿದು ಬರುವ ಹಕ್ಕು ಪ್ರತಿ ಜಿಗಿತಗಾರನಿಗೂ ಇದೆ. ಅದನ್ನು ನಾಚಿಕೆಯಿಲ್ಲದೆ ಬಳಸಿ.